‘ಕುಟುಂಬ ಸಮೇತ ಬನ್ನಿ’ ಅಂತಾರೆ, ಚಿಕ್ಕವರನ್ನೂ ವಯಸ್ಸಾದವರನ್ನೂ ಕರೆದುಕೊಂಡು ಯಾವುದಕ್ಕೆ ಹೋಗಬಹುದು?

ಮೂಲೆಮನೆ
ಡಿಸೆಂಬರ್ ಮುಗಿಯುವವರೆಗೆ ನಮ್ಮ ಬಡಾವಣೆ ಸುತ್ತಮುತ್ತ ಹೆಚ್ಚುಕಡಿಮೆ ವಾರಕ್ಕೊಂದು ಕಾರ್ಯಕ್ರಮ ಇದೆ. ಒಂದು ಭಾನುವಾರ ಬೆಳಿಗ್ಗೆ ರಸ್ತೆ ಮುಚ್ಚಿ ಸೈಕಲ್, ನಡಿಗೆ. ಒಂದು ಶನಿವಾರ ಸಂಜೆ ಮೈದಾನದಲ್ಲಿ ಸಿನಿಮಾ. ಅದೇ ಶನಿವಾರ, ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ಪುಸ್ತಕ ಮತ್ತು ಆಟಿಕೆ ವಿನಿಮಯ! ಆಮೇಲೆ ಮಕ್ಕಳ ಓಟ, ಉಲ್ಕೆ ನೋಡುವ ರಾತ್ರಿ, ಕೊನೆಗೆ ವೇದಿಕೆ, ಗಾಳಿ ತುಂಬಿದ ಜಾರುಬಂಡಿ ಎಲ್ಲ ಇರುವ ದೊಡ್ಡ ಮೇಳ.

ಎಲ್ಲ ಪೋಸ್ಟರ್‌ನಲ್ಲೂ ‘ಕುಟುಂಬ ಸಮೇತ ಬನ್ನಿ’ ಅಂತ ದಪ್ಪ ಅಕ್ಷರದಲ್ಲಿದೆ. ಅದು ಬಿಟ್ಟರೆ ಜಾಗ, ದಿನ, ಗಂಟೆ, ಅಷ್ಟೇ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಮಂಡಿ ನೋವಿರುವ ಅತ್ತೆ ಇದ್ದಾರೆ. ಕೂರಲು ಕುರ್ಚಿ ಇದೆಯಾ, ನೆರಳು ಇದೆಯಾ, ಶೌಚಾಲಯ ಎಷ್ಟು ದೂರ, ಸದ್ದು ಎಷ್ಟಿರುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ? ಇದ್ಯಾವುದೂ ಗೊತ್ತಾಗದೆ ಕೊನೆಗೆ ಯಾರಾದರೂ ಒಬ್ಬರು ಮನೆಯಲ್ಲೇ ಉಳಿಯುತ್ತಾರೆ. ಹಾಗಾದರೆ ಅದು ಕುಟುಂಬ ಸಮೇತ ಹೇಗಾಯಿತು?

ಹಿಂದೆ ಹೋದವರು ಹೇಳಿ. ಇದರಲ್ಲಿ ಯಾವುದಕ್ಕೆ ಎಲ್ಲರೂ ಒಟ್ಟಿಗೆ ಹೋಗಬಹುದು?

ಬೆಳಗಿನ ಚಕ್ರ
ರಸ್ತೆ ಮುಚ್ಚುವ ಭಾನುವಾರಕ್ಕೆ ಕಣ್ಣುಮುಚ್ಚಿಕೊಂಡು ಬನ್ನಿ. ಟಿಕೆಟ್ ಇಲ್ಲ, ಸಾಲಿಲ್ಲ, ಶುರುವಾಗುವ ಹೊತ್ತಿಗೇ ಇರಬೇಕು ಅಂತಿಲ್ಲ. ಅರ್ಧ ಗಂಟೆ ಇದ್ದು ವಾಪಸ್ ಹೋದರೂ ಏನೂ ತಪ್ಪಿಸಿಕೊಂಡ ಹಾಗಲ್ಲ.

ಎರಡು ಜಡೆ
ಸಿನಿಮಾಕ್ಕೆ ಮೂರು ವರ್ಷದ ಮಗು ಬೇಡ. ಕತ್ತಲಾಗದೆ ಪರದೆ ಮೇಲೆ ಏನೂ ಕಾಣಿಸುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆಯಾದರೂ ಆಗಬೇಕು. ಅಷ್ಟರಲ್ಲಿ ಅದರ ನಿದ್ದೆ ಸಮಯ ಬಂದಿರುತ್ತದೆ.

ಮೂಲೆಮನೆ
@ಎರಡು ಜಡೆ ಅದೇ ನನ್ನ ಭಯ. ಆದರೆ ಮಗ ಸಿನಿಮಾಕ್ಕೇ ಹಠ ಹಿಡಿದಿದ್ದಾನೆ.

ಎರಡು ಜಡೆ
ಹಾಗಾದರೆ ಆಯೋಜಕರಿಗೆ ಒಂದು ಮಾತು ಕೇಳಿ: ದೊಡ್ಡ ಸಿನಿಮಾಕ್ಕೆ ಮುಂಚೆ ಐದೈದು ನಿಮಿಷದ ಚಿಕ್ಕ ಚಿತ್ರ ಒಂದೆರಡು ಹಾಕಬಹುದಾ ಅಂತ. ಪುಟ್ಟವರು ಅದನ್ನು ನೋಡಿ ಮನೆಗೆ ಹೋಗುತ್ತಾರೆ, ದೊಡ್ಡವರು ಉಳಿಯುತ್ತಾರೆ. ಇನ್ನೊಂದು ವಿಷಯ, ಚಾಪೆಯವರು ಮುಂದೆ, ಕುರ್ಚಿಯವರು ಹಿಂದೆ ಅಂತ ಮೊದಲೇ ಗೆರೆ ಹಾಕಲಿ. ಇಲ್ಲದಿದ್ದರೆ ಅರ್ಧ ಸಂಜೆ ಜಗಳದಲ್ಲೇ ಹೋಗುತ್ತದೆ.

ಕಾಗದ ಪತ್ರ
ಸಿನಿಮಾ ಅಂದ ಮೇಲೆ ಒಂದು ಮಾತು. ಅಂಗಡಿಯಲ್ಲಿ ಡಿಸ್ಕ್ ಕೊಂಡುಕೊಂಡಿದ್ದೇವೆ, ಮನೆಯಲ್ಲಿ ಸಿನಿಮಾ ಆ್ಯಪ್‌ನ ಚಂದಾ ಇದೆ ಅಂದ ಮಾತ್ರಕ್ಕೆ ಮೈದಾನದಲ್ಲಿ ಪರದೆ ಕಟ್ಟಿ ತೋರಿಸುವ ಹಕ್ಕು ಬರುವುದಿಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇರೆಯೇ ಬೇಕು. ದುಡ್ಡು ತೆಗೆದುಕೊಳ್ಳುತ್ತಿಲ್ಲ ಅನ್ನುವುದೊಂದೇ ಸಾಲದು. ಆಯೋಜಕರು ಈಗಲೇ ನೋಡಿಕೊಳ್ಳಲಿ. ಹಿಂದಿನ ದಿನ ರದ್ದಾದರೆ ಅಳುವುದು ಮಕ್ಕಳು.

ಡೋಲು ಬಡಿ
ಇಷ್ಟೆಲ್ಲ ಲೆಕ್ಕ ಹಾಕಿದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳನ್ನು ಎತ್ತಿಕೊಂಡು ಹೊರಡಿ, ಅಲ್ಲಿ ಹೇಗೋ ಆಗುತ್ತದೆ.

ಸದ್ದು ಸಾಕು
@ಡೋಲು ಬಡಿ ‘ಹೇಗೋ ಆಗುತ್ತದೆ’ ಅಂತಲೇ ಕಳೆದ ಬಾರಿ ಒಂದು ಮೇಳಕ್ಕೆ ಹೋಗಿದ್ದೆವು. ವೇದಿಕೆಯ ಎರಡೂ ಕಡೆ ಆಳೆತ್ತರದ ಸ್ಪೀಕರ್. ಅದರ ಬುಡದಲ್ಲೇ ಮಕ್ಕಳಿಗೆ ಚಾಪೆ ಹಾಸಿದ್ದರು! ತಮ್ಮನ ಮಗು ಕಿವಿ ಮುಚ್ಚಿಕೊಂಡು ನಡುಗುತ್ತಿತ್ತು. ಹತ್ತು ನಿಮಿಷಕ್ಕೆ ಎದ್ದು ಬಂದೆವು.

ನನಗೆ ಮೇಳ ಬೇಡ ಅಂತಲ್ಲ. ಸದ್ದು ತಗ್ಗಿಸಿ ಅಂತ ಅಷ್ಟೇ ಕೇಳುತ್ತಿರುವುದು.

ಡೋಲು ಬಡಿ
ಸದ್ದಿಲ್ಲದ ಮೇಳ ಯಾರಿಗೆ ಬೇಕು? ಊರಿಗೆ ಊರೇ ಸೇರುವ ದಿನ ಪಿಸುಮಾತಿನಲ್ಲಿ ಹಾಡಬೇಕಾ? ಮಕ್ಕಳು ಕುಣಿಯುವುದೇ ಆ ಸದ್ದಿಗೆ.

ಕಿವಿಯ ಕಡೆಯವರು
ಕಿವಿ ಪರೀಕ್ಷೆಯ ಕೆಲಸ ಮಾಡುವವಳು ನಾನು, ಹಾಗಾಗಿ ಬರೆಯುತ್ತಿದ್ದೇನೆ. ಪಿಸುಮಾತು ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮ ನಡೆಯುವ ಜಾಗಗಳಿಗೆ ಒಂದು ಮಾನದಂಡ ಕೊಟ್ಟಿದೆ. 15 ನಿಮಿಷದ ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು, ಸದ್ದನ್ನು ಅಳೆಯುತ್ತಲೇ ಇರಬೇಕು, ಕಿವಿಗೆ ವಿರಾಮ ಕೊಡಲು ಒಂದು ಶಾಂತ ಜಾಗ ಇರಬೇಕು. 100 ಅನ್ನುವುದು ಗರಿಷ್ಠ ಮಿತಿ. ಅಲ್ಲಿಯವರೆಗೆ ಏರಿಸಲೇಬೇಕು ಅಂತಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಇಯರ್‌ಫೋನ್‌ಗಳ ಬಗ್ಗೆ ಅದೇ ಸಂಸ್ಥೆಯ ಲೆಕ್ಕ ನೋಡಿ: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75. ಡೆಸಿಬೆಲ್ ಮಾಮೂಲಿ ಅಳತೆಯ ಹಾಗಲ್ಲ. ಮೂರು ಡೆಸಿಬೆಲ್ ಜಾಸ್ತಿಯಾದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಕಿವಿ ತಡೆದುಕೊಳ್ಳುವ ಹೊತ್ತು ಅರ್ಧಕ್ಕಿಳಿಯುತ್ತದೆ.

ಒಂದು ಸುಲಭದ ದಾರಿ ಇದೆ. ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದಕ್ಕೇ ಎರಡು ದೈತ್ಯ ಸ್ಪೀಕರ್ ಬದಲು ಚಿಕ್ಕಚಿಕ್ಕ ಸ್ಪೀಕರ್‌ಗಳನ್ನು ಮೈದಾನದುದ್ದಕ್ಕೂ ಹಂಚಿದರೆ ಹಿಂದಿನವರಿಗೂ ಕೇಳುತ್ತದೆ, ಮುಂದಿನವರ ಕಿವಿಯೂ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಇಯರ್‌ಮಫ್ ತನ್ನಿ. ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನ ಇಲ್ಲ.

ಡೋಲು ಬಡಿ
ಸ್ಪೀಕರ್ ಹಂಚುವುದಾದರೆ ನನ್ನದೇನೂ ತಕರಾರಿಲ್ಲ. ಹಾಡು ನಿಲ್ಲಿಸಿ ಅನ್ನಬೇಡಿ, ಅಷ್ಟೇ.

ನಿಧಾನ ನಡಿಗೆ
ನನ್ನ ಮಗನಿಗೆ ಆಟಿಸಂ ಇದೆ. ಶಾಂತ ಜಾಗದ ಮಾತು ಬಂದಿದ್ದಕ್ಕೆ ಖುಷಿಯಾಯಿತು. ಮೇಳದ ಮೊದಲ ಒಂದು ಗಂಟೆ ಹಾಡು, ಮಿನುಗುವ ದೀಪ ಎರಡೂ ಇಲ್ಲದೆ ಇಟ್ಟರೆ ನಮ್ಮಂಥ ಎಷ್ಟೋ ಮನೆಯವರು ಬಂದು ಹೋಗಬಹುದು. ಜಾಗದ ಒಂದು ಫೋಟೊ, ಸರಳ ನಕ್ಷೆ ಮೊದಲೇ ಸಿಕ್ಕರೆ ಇನ್ನೂ ಅನುಕೂಲ. ಮಗನಿಗೆ ತೋರಿಸಿ, ಇಲ್ಲಿಂದ ಒಳಗೆ ಹೋಗುತ್ತೇವೆ, ಇಲ್ಲಿ ಕೂರುತ್ತೇವೆ ಅಂತ ಹೇಳಿಟ್ಟರೆ ಅವನಿಗೆ ಗಾಬರಿ ಎಷ್ಟೋ ಕಡಿಮೆ.

ಇದಕ್ಕೆ ಯಾರೂ ದುಡ್ಡು ಹಾಕಬೇಕಾಗಿಲ್ಲ. ನೆನಪಿಟ್ಟುಕೊಂಡು ಮಾಡಿದರೆ ಸಾಕು.

ಮೂಲೆಮನೆ
ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಕೇಳಬೇಕು.

ಕುರ್ಚಿ ಹಾಕುವವನು
ಮೇಳದ ತಂಡದಲ್ಲಿ ನಾನಿದ್ದೇನೆ. ಎಲ್ಲ ಓದಿದೆ. ಸ್ವಲ್ಪ ಬೇಸರವೂ ಆಯಿತು, ಹೇಳಿಬಿಡುತ್ತೇನೆ. ನಾವು ಯಾರೂ ಸಂಬಳಕ್ಕೆ ಮಾಡುವವರಲ್ಲ. ಕಚೇರಿ ಮುಗಿಸಿ ಬಂದು ರಾತ್ರಿ ಕೂತು ಅನುಮತಿ ಪತ್ರ ಬರೆಯುತ್ತೇವೆ, ಬೆಳಗಿನ ಜಾವ ಎದ್ದು ಕುರ್ಚಿ ಹಾಕುತ್ತೇವೆ. ಅದು ಇಲ್ಲ ಇದು ಇಲ್ಲ ಅನ್ನುವವರು ನೂರು ಜನ. ಬನ್ನಿ ಅಂತ ಕರೆದರೆ ಬರುವವರು ಅದೇ ನಾಲ್ಕು ಮುಖ.

ಶಾಂತ ಗಂಟೆ ಮಾಡೋಣ, ನಾನೇ ತಂಡದಲ್ಲಿ ಎತ್ತುತ್ತೇನೆ. ಆದರೆ ಆ ಹೊತ್ತಿನಲ್ಲಿ ಬಾಗಿಲ ಹತ್ತಿರ ನಿಲ್ಲಲು ಇಬ್ಬರು ಬೇಕು. ಯಾರು ಬರುತ್ತೀರಿ?

ನಿಧಾನ ನಡಿಗೆ
ನಾನು ಬರುತ್ತೇನೆ. ನನ್ನ ಹೆಂಡತಿ ಮಗನ ಜೊತೆ ಇರುತ್ತಾಳೆ.

ಸದ್ದು ಸಾಕು
ನಾನೂ ಇದ್ದೇನೆ. @ಕುರ್ಚಿ ಹಾಕುವವನು ನಿಮ್ಮ ಕೆಲಸಕ್ಕೆ ಬೆಲೆ ಇಲ್ಲ ಅಂತ ಯಾರೂ ಹೇಳಲಿಲ್ಲ. ಆದರೆ ಪೋಸ್ಟರ್‌ನಲ್ಲಿ ನಾಲ್ಕು ಸಾಲು ಜಾಸ್ತಿ ಬರೆಯುವುದಕ್ಕೆ ಬೆಳಗಿನ ಜಾವ ಏಳಬೇಕಾಗಿಲ್ಲ, ಅಲ್ವಾ?

ಕುರ್ಚಿ ಹಾಕುವವನು
ಯಾವ ನಾಲ್ಕು ಸಾಲು ಅಂತ ಹೇಳಿ, ಹಾಕಿಸುತ್ತೇನೆ. ಸುಮ್ನೆ ‘ಮಾಹಿತಿ ಇಲ್ಲ’ ಅಂದರೆ ನಮಗೂ ಗೊತ್ತಾಗುವುದಿಲ್ಲ.

ಮೂಲೆಮನೆ
ಮುಗಿಯುವ ಗಂಟೆ. ನೆರಳು ಮತ್ತು ಕುರ್ಚಿ ಇದೆಯೋ ಇಲ್ಲವೋ. ಶೌಚಾಲಯ ಎಲ್ಲಿದೆ. ಮೆಟ್ಟಿಲು ಹತ್ತದೆ ಒಳಗೆ ಹೋಗಬಹುದಾ. ಮಳೆ ಬಂದರೆ ಏನು. ನನಗೆ ಇಷ್ಟು ಸಾಕು.

ಗಾಲಿಕುರ್ಚಿ ಗೆಳೆಯ
ಮೆಟ್ಟಿಲಿನ ಬಗ್ಗೆ ನಾನು ಹೇಳುತ್ತೇನೆ. ಎಷ್ಟೋ ಕಡೆ ಇಳಿಜಾರು ಇದೆ ಅನ್ನುತ್ತಾರೆ, ಹೋಗಿ ನೋಡಿದರೆ ಮೆಟ್ಟಿಲಿಗೆ ಹಲಗೆ ಒರಗಿಸಿರುತ್ತಾರೆ. ಅದು ಅಪಾಯ. ಸಾಮಾನ್ಯವಾಗಿ ಒಪ್ಪಿರುವ ಅಳತೆ 1ಕ್ಕೆ 12. ಅಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೂ 1.8 ಮೀಟರ್ ಉದ್ದದ ಇಳಿಜಾರು ಬೇಕು. ಅದು ಗಾಲಿಕುರ್ಚಿಗೆ ಮಾತ್ರ ಅಂದುಕೊಳ್ಳಬೇಡಿ. ಮಗುವಿನ ತಳ್ಳುಗಾಡಿ, ಊರುಗೋಲು, ಮಂಡಿ ನೋವಿನವರು, ಎಲ್ಲರೂ ಅದರಲ್ಲೇ ಬರುತ್ತಾರೆ.

ಇನ್ನೊಂದು, ಹುಲ್ಲಿನ ಮೈದಾನದಲ್ಲಿ ಮಳೆ ಬಿದ್ದ ಮರುದಿನ ಗಾಲಿ ಹೂತುಹೋಗುತ್ತದೆ. ಬಾಗಿಲಿನಿಂದ ಕೂರುವ ಜಾಗದವರೆಗೆ ಗಟ್ಟಿ ನೆಲದ ದಾರಿ ಒಂದು ಇರಲಿ.

ಎರಡು ಜಡೆ
ಶೌಚಾಲಯದಲ್ಲಿ ಮಗುವಿನ ಬಟ್ಟೆ ಬದಲಿಸಲು ಒಂದು ಮೇಜು. ಗಂಡಸರ ಕಡೆಯೂ ಇರಲಿ ದಯವಿಟ್ಟು. ಅಪ್ಪಂದಿರೂ ಮಗು ಎತ್ತಿಕೊಂಡು ಬರುತ್ತಾರೆ.

ಬೆಳಗಿನ ಚಕ್ರ
ಮೇಳದ್ದೇ ಮಾತಾಯಿತು. ರಸ್ತೆ ಮುಚ್ಚುವ ಭಾನುವಾರದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಇಂಥದ್ದು ಶುರುವಾಯಿತು. ಅದಕ್ಕೆ ಸಿಕ್ಲೊವಿಯಾ ಅನ್ನುತ್ತಾರೆ. ಈಗಲೂ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರ್‌ಗಿಂತ ಜಾಸ್ತಿ ರಸ್ತೆ ಕಾರಿಲ್ಲದೆ ಇರುತ್ತದೆ. ನಮ್ಮ ದೇಶದಲ್ಲಿ ಗುರುಗ್ರಾಮದವರು 2013ರಲ್ಲಿ ರಾಹಗಿರಿ ಅಂತ ಶುರು ಮಾಡಿದರು.

ವೇದಿಕೆ ಬೇಡ, ಅತಿಥಿ ಬೇಡ, ಭಾಷಣ ಬೇಡ. ರಸ್ತೆಯನ್ನು ಜನರಿಗೆ ಬಿಟ್ಟುಕೊಟ್ಟರೆ ಮಕ್ಕಳು ತಾವೇ ಆಟ ಹುಡುಕಿಕೊಳ್ಳುತ್ತಾರೆ.

ಹಾಲು ಬೂತ್ ಎದುರು
ರಸ್ತೆ ಮುಚ್ಚಿದರೆ ಆ ರಸ್ತೆಯಲ್ಲಿ ಮನೆ ಇರುವವರು ಏನು ಮಾಡಬೇಕು? ನಮ್ಮ ತಾಯಿಗೆ ವಾರದಲ್ಲಿ ಮೂರು ಸಲ ಡಯಾಲಿಸಿಸ್. ಕಾರು ತೆಗೆಯಲೇಬೇಕು. ಇದನ್ನು ಯಾರಾದರೂ ಯೋಚಿಸಿದ್ದೀರಾ?

ಬೆಳಗಿನ ಚಕ್ರ
ಕಷ್ಟ ನಿಜ, ಆದರೆ ಉತ್ತರ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ಇಬ್ಬರು ತಾಯಂದಿರು ತಮ್ಮ ಬೀದಿಯನ್ನು ಕೆಲವು ಗಂಟೆ ಮಕ್ಕಳ ಆಟಕ್ಕೆ ಮುಚ್ಚಿಸಿದರು. ಆಮೇಲೆ ಅದು ಬೇರೆ ಊರುಗಳಿಗೂ ಹರಡಿತು. ಅಲ್ಲಿ ಬೀದಿಯ ಎರಡೂ ತುದಿಯಲ್ಲಿ ಸ್ವಯಂಸೇವಕರು ನಿಲ್ಲುತ್ತಾರೆ. ಆ ಬೀದಿಯ ನಿವಾಸಿಯ ಕಾರು ಬಂದರೆ ಸೀಟಿ ಊದಿ ಮಕ್ಕಳನ್ನು ಬದಿಗೆ ಸರಿಸುತ್ತಾರೆ, ಕಾರು ನಡಿಗೆಯ ವೇಗದಲ್ಲಿ ದಾಟಿ ಹೋಗುತ್ತದೆ. ಆಂಬುಲೆನ್ಸ್‌ಗೆ ದಾರಿ ಯಾವಾಗಲೂ ತೆರೆದೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಾಲು ಬೂತ್ ಎದುರು
ಹಾಗಿದ್ದರೆ ಸರಿ. ಆದರೆ ಮೊದಲೇ ಮನೆಮನೆಗೆ ಚೀಟಿ ಕೊಡಿ. ಬೆಳಿಗ್ಗೆ ಎದ್ದು ನೋಡಿದರೆ ಗೇಟಿನ ಮುಂದೆ ಬ್ಯಾರಿಕೇಡ್, ಅದನ್ನು ಒಪ್ಪುವುದಕ್ಕೆ ಆಗುವುದಿಲ್ಲ.

ಬೆಳಗಿನ ಚಕ್ರ
ಒಪ್ಪಿದೆ. ಚೀಟಿ ಹಂಚಲು ನಾನು ಮತ್ತು ನನ್ನ ಸೈಕಲ್ ಗುಂಪು ಬರುತ್ತೇವೆ.

ಗುಬ್ಬಿಗೂಡು
ಎಲ್ಲರೂ ಪುಟ್ಟ ಮಕ್ಕಳು, ಹಿರಿಯರು ಅಂತಿದ್ದೀರಿ. ಹದಿಮೂರು ಹದಿನಾಲ್ಕರ ಮಕ್ಕಳ ಕಥೆ ಏನು? ನನ್ನ ಮಗಳು ಯಾವುದಕ್ಕೂ ಬರುವುದಿಲ್ಲ. ‘ಅದು ಚಿಕ್ಕ ಮಕ್ಕಳದ್ದು’ ಅಂತಾಳೆ. ಅವಳು ಹೇಳುವುದೂ ನಿಜ. ಮುಖಕ್ಕೆ ಬಣ್ಣ, ಜಾರುಬಂಡಿ, ಚಿತ್ರ ಬಿಡಿಸುವ ಮೇಜು ಬಿಟ್ಟರೆ ಆ ವಯಸ್ಸಿಗೆ ಅಲ್ಲಿ ಏನಿದೆ?

ಹಳೇ ಪಿ.ಟಿ. ಮೇಷ್ಟ್ರು
ಆ ವಯಸ್ಸಿನವರಿಗೆ ಆಟ ಕೊಡಬೇಡಿ, ಕೆಲಸ ಕೊಡಿ. ಮಕ್ಕಳ ಓಟದಲ್ಲಿ ಸಮಯ ಬರೆಯುವುದು, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವುದು, ಕೊನೆಯಲ್ಲಿ ಬರುವ ಮಗುವಿನ ಜೊತೆ ಓಡುವುದು. ನಾನು ಶಾಲೆಯಲ್ಲಿದ್ದಾಗ ಸುಮ್ಮನೆ ಮೂಲೆಯಲ್ಲಿ ಕೂರುತ್ತಿದ್ದ ಮಕ್ಕಳ ಕೈಗೆ ಸ್ಟಾಪ್‌ವಾಚ್ ಕೊಡುತ್ತಿದ್ದೆ. ಕೊಟ್ಟ ತಕ್ಷಣ ಬೆನ್ನು ನೆಟ್ಟಗಾಗುತ್ತಿತ್ತು. ನಂಬಿಕೆ ಇಟ್ಟು ಒಂದು ಜವಾಬ್ದಾರಿ ಕೊಟ್ಟರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಓಟದ ಬಗ್ಗೆ ಇನ್ನೊಂದು ಮಾತು. ದಯವಿಟ್ಟು ಮೊದಲ ಮೂವರಿಗೆ ಮಾತ್ರ ಪದಕ ಅನ್ನುವುದನ್ನು ಬಿಡಿ. ಪಾರ್ಕ್‌ರನ್ ಅಂತ ಇದೆಯಲ್ಲ, ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 2004ರ ಅಕ್ಟೋಬರ್‌ನಲ್ಲಿ ಮೊದಲ ದಿನ ಓಡಿದವರು 13 ಜನ. ಈಗ ಎಷ್ಟೋ ದೇಶದಲ್ಲಿ ಪ್ರತಿ ವಾರ ನಡೆಯುತ್ತದೆ. ಅದು ಸ್ಪರ್ಧೆಯೇ ಅಲ್ಲ. ನಡೆದುಕೊಂಡು ಮುಗಿಸಿದರೂ ಮುಗಿಸಿದ ಹಾಗೇ. 4ರಿಂದ 14 ವರ್ಷದ ಮಕ್ಕಳಿಗೇ ಅಂತ ಬೇರೆ 2 ಕಿಲೋಮೀಟರ್ ಓಟ ಇಟ್ಟಿದ್ದಾರೆ. ಆ ದೂರ ಮಕ್ಕಳಿಗೆ ಸಾಕು.

ಗೆಲ್ಲೋಣ
ಮೇಷ್ಟ್ರೇ, ಪದಕ ಬೇಡ ಅಂದರೆ ಹೇಗೆ? ಗೆಲ್ಲುವುದು ಸೋಲುವುದು ಮಕ್ಕಳು ಕಲಿಯಬೇಡವಾ? ನನ್ನ ಮಗ ತಿಂಗಳುಗಟ್ಟಲೆ ಓಡಿ ಅಭ್ಯಾಸ ಮಾಡುತ್ತಾನೆ. ಅವನಿಗೂ ನಡೆದು ಬಂದವರಿಗೂ ಒಂದೇ ಅಂದರೆ ಅನ್ಯಾಯ.

ಹಳೇ ಪಿ.ಟಿ. ಮೇಷ್ಟ್ರು
ನಿಮ್ಮ ಮಗನಿಗೆ ಸ್ಪರ್ಧೆ ಬೇಕು, ಅದು ಖಂಡಿತ ಸಿಗಬೇಕು. ಅಥ್ಲೆಟಿಕ್ ಕೂಟ ಇರುವುದೇ ಅದಕ್ಕೆ. ಇದು ಊರಿನ ಕೂಟ. ಇಲ್ಲಿ ಆರು ವರ್ಷದ ಮಗು ಕೊನೆಯಲ್ಲಿ ಬಂದು, ಎಲ್ಲರೂ ಹೊರಟು ಖಾಲಿಯಾದ ಮೈದಾನ ನೋಡಬಾರದು. ಅವನ ಸಮಯವನ್ನು ಬರೆದು ಕೊಡೋಣ, ಮುಂದಿನ ಬಾರಿ ತನ್ನದೇ ಸಮಯ ಮುರಿಯಲಿ. ಅದರಲ್ಲೂ ಗೆಲುವಿದೆ.

ಗುಬ್ಬಿಗೂಡು
ಸ್ಟಾಪ್‌ವಾಚ್ ವಿಷಯ ಮಗಳಿಗೆ ಹೇಳಿದೆ. ‘ಯಾರನ್ನು ಕೇಳಬೇಕು’ ಅಂದಳು! ಮೇಷ್ಟ್ರೇ, ಯಾರನ್ನು ಕೇಳಬೇಕು?

ಹಳೇ ಪಿ.ಟಿ. ಮೇಷ್ಟ್ರು
ಓಟದ ದಿನ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ ಮೈದಾನಕ್ಕೆ ಕಳುಹಿಸಿ. ನಾನು ಅಲ್ಲೇ ಇರುತ್ತೇನೆ.

ಕತ್ತಲ ಕಣ್ಣು
ಉಲ್ಕೆಯ ರಾತ್ರಿ ನಮ್ಮದು. ಮೂರು ವರ್ಷದವಳನ್ನೂ ಕರೆದುಕೊಂಡು ಬನ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ. ಇದು ಜೆಮಿನಿಡ್ ಉಲ್ಕಾವೃಷ್ಟಿ, ಡಿಸೆಂಬರ್ 13-14ರ ರಾತ್ರಿ ಜೋರಾಗಿರುತ್ತದೆ. ಆಗಸ್ಟ್‌ನ ಪರ್ಸೀಡ್‌ಗೆ ಮಧ್ಯರಾತ್ರಿಯವರೆಗೆ ಕಾಯಬೇಕು. ಇದಕ್ಕೆ ಹಾಗಿಲ್ಲ. ಮಿಥುನ ರಾಶಿ ಬೇಗ ಮೇಲೇರುವುದರಿಂದ ರಾತ್ರಿ 9ರ ಹೊತ್ತಿಗೇ ಕಾಣಿಸಲು ಶುರು. ನಡುರಾತ್ರಿ ದಾಟಿದ ಮೇಲೆ ಜಾಸ್ತಿ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತುವಿನ ಧೂಳು. ಇದು ಹಾಗಲ್ಲ, ಫೇಥಾನ್ ಅನ್ನುವ ಕ್ಷುದ್ರಗ್ರಹದ್ದು. ಅದನ್ನು ಕಂಡುಹಿಡಿದಿದ್ದು 1983ರಲ್ಲಿ.

ದೂರದರ್ಶಕ ಬೇಡ, ಬೈನಾಕ್ಯುಲರ್ ಬೇಡ. ಅವು ಆಕಾಶದ ಒಂದು ಚೂರನ್ನಷ್ಟೇ ತೋರಿಸುತ್ತವೆ. ಉಲ್ಕೆ ಎಲ್ಲಿಂದ ಬೇಕಾದರೂ ಹಾಯಬಹುದು. ಚಾಪೆ ಹಾಸಿ ಮಲಗಿ, ಆದಷ್ಟು ಅಗಲಕ್ಕೆ ಆಕಾಶ ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಧ್ಯದಲ್ಲಿ ಒಬ್ಬರು ಮೊಬೈಲ್ ತೆರೆದರೆ ಪಕ್ಕದವರೆಲ್ಲರ ಕಣ್ಣೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಟಾರ್ಚ್‌ಗೆ ಕೆಂಪು ಕಾಗದ ಕಟ್ಟಿಕೊಂಡು ಬನ್ನಿ.

ಬಡಾವಣೆಯ ಬೀದಿದೀಪದ ಬೆಳಕಿನಲ್ಲಿ ಮಳೆ ಸುರಿದ ಹಾಗೆ ಕಾಣುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿ. ಕೆಲವು ನಿಮಿಷಕ್ಕೊಂದು ಕಂಡರೆ ಚೆನ್ನಾಗಿದೆ ಅಂತಲೇ ಅರ್ಥ.

ಎರಡು ಜಡೆ
ಆ ಕತ್ತಲಲ್ಲಿ ಮಕ್ಕಳು ಕಳೆದುಹೋದರೆ?

ಕತ್ತಲ ಕಣ್ಣು
ಓಡಾಡುವ ಕಾರ್ಯಕ್ರಮ ಅಲ್ಲ ಇದು, ಎಲ್ಲರೂ ಮಲಗಿರುತ್ತಾರೆ. ಆದರೂ ಪ್ರತಿ ಮಗುವಿನ ಕೈಗೆ ಮಂದವಾಗಿ ಹೊಳೆಯುವ ಪಟ್ಟಿ ಕಟ್ಟುತ್ತೇವೆ. ಜಾಗದ ಸುತ್ತ ಹಗ್ಗ, ಒಂದೇ ಬಾಗಿಲು.

ಬಿಳಿ ಟೋಪಿ
ಮಕ್ಕಳು ಕಳೆದುಹೋಗುವ ಮಾತು ಬಂತಲ್ಲ. ಮೇಳದಲ್ಲಿ ಮೈಕ್‌ನಲ್ಲಿ ಕೂಗಿಸಿದರೆ ಆಯಿತು. ಮಗುವಿನ ಹೆಸರು, ಬಟ್ಟೆ ಬಣ್ಣ ಹೇಳಿದರೆ ಐದು ನಿಮಿಷದಲ್ಲಿ ಸಿಗುತ್ತದೆ.

ಪ್ರಥಮ ಚಿಕಿತ್ಸೆ ಡಬ್ಬಿ
@ಬಿಳಿ ಟೋಪಿ ಹಾಗೆ ಮಾಡಲೇಬಾರದು. ಮಗುವಿನ ಹೆಸರು, ಗುರುತು ಎಲ್ಲ ಮೈಕ್‌ನಲ್ಲಿ ಹೇಳಿದರೆ ಕೆಟ್ಟ ಉದ್ದೇಶ ಇರುವವರಿಗೂ ಅದು ತಲುಪುತ್ತದೆ. ಹೆಸರು ಹಿಡಿದು ಕರೆದರೆ ಮಗು ನಂಬಿ ಹೋಗಿಬಿಡುತ್ತದೆ. ಮಗು ಸಿಕ್ಕಿದ್ದರೆ, ಮಗು ಹೇಳಿದ ಅಪ್ಪ ಅಮ್ಮನ ಹೆಸರು ಕರೆದು ‘ಮಾಹಿತಿ ಮೇಜಿನ ಹತ್ತಿರ ಬನ್ನಿ’ ಅನ್ನಬೇಕು. ಮಗು ಕಾಣೆಯಾಗಿದ್ದರೆ ಸ್ವಯಂಸೇವಕರಿಗೆ ಮಾತ್ರ ಫೋಟೊ ಹೋಗಬೇಕು, ಬಾಗಿಲುಗಳಲ್ಲಿ ಮೊದಲು ಜನ ನಿಲ್ಲಬೇಕು.

ಹಾಗಾಗಿ ಮನೆಯಿಂದ ಹೊರಡುವಾಗಲೇ ಅವತ್ತಿನ ಬಟ್ಟೆಯಲ್ಲಿ ಮಗುವಿನ ಒಂದು ಫೋಟೊ ತೆಗೆಯಿರಿ. ಫೋನ್ ನಂಬರ್ ತೋಳಿನ ಒಳಗಡೆ ಬರೆಯಿರಿ, ಹೆಸರು ಬೇಡ. ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಬೇಡ, ನಿಂತಲ್ಲೇ ನಿಲ್ಲು ಅಂತ ಹೇಳಿಕೊಡಿ.

ಬಲೂನ್ ಹಂಚುವವರಿಗೂ ಒಂದು ಮಾತು. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿದರೆ ತೆಗೆಯುವುದು ತುಂಬಾ ಕಷ್ಟ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಅಪಾಯ ಅಂತ ಪೊಟ್ಟಣದ ಮೇಲೆಯೇ ಎಚ್ಚರಿಕೆ ಇರುತ್ತದೆ. ಕಾಗದದ ಗಿರಿಗಿಟ್ಟಲೆ ಕೊಡಿ.

ಬಿಳಿ ಟೋಪಿ
ಹೌದು, ಹೆಸರು ಹಿಡಿದು ಕರೆಯುವ ವಿಷಯ ಸರಿ ಅನಿಸಿತು.

ಹಗ್ಗ ಗೂಟ
ಗಾಳಿ ತುಂಬಿದ ಜಾರುಬಂಡಿ ಯಾರು ಹಾಕುತ್ತಿದ್ದಾರೆ? ಈ ಚರ್ಚೆಯಲ್ಲಿ ನನಗೆ ಅತಿ ಹೆಚ್ಚು ಚಿಂತೆ ಇರುವುದು ಅದರದ್ದೇ. ನೋಡಲು ಮೆತ್ತಗೆ, ಆದರೆ ಜೋರು ಗಾಳಿಗೆ ಮಕ್ಕಳ ಸಮೇತ ಮೇಲೇಳುತ್ತದೆ. ಬೇರೆ ಬೇರೆ ದೇಶಗಳಲ್ಲಿ ಮಕ್ಕಳು ಸತ್ತಿದ್ದಾರೆ. ಯುರೋಪಿನ ಇಎನ್ 14960 ಮಾನದಂಡದ ಪ್ರಕಾರ ಕನಿಷ್ಠ ಆರು ಕಡೆ ನೆಲಕ್ಕೆ ಬಿಗಿದಿರಬೇಕು, ಗಾಳಿ ಗಂಟೆಗೆ 38 ಕಿಲೋಮೀಟರ್ ಮುಟ್ಟಿದರೆ ಬಳಸಬಾರದು. ಸಣ್ಣ ಮರಗಳು ಪೂರ್ತಿ ತೂಗಾಡಲು ಶುರುವಾದರೆ ಗಾಳಿ ಆ ಮಟ್ಟಕ್ಕೆ ಬರುತ್ತಿದೆ ಅಂತ ತಿಳಿಯಿರಿ. ಕಣ್ಣಂದಾಜು ಸಾಲದು, ಗಾಳಿ ಅಳೆಯುವ ಮೀಟರ್ ಇಟ್ಟುಕೊಳ್ಳಲೇಬೇಕು.

ಮತ್ತೆ, ದೊಡ್ಡ ಹುಡುಗರನ್ನೂ ಪುಟ್ಟ ಮಕ್ಕಳನ್ನೂ ಒಟ್ಟಿಗೆ ಹತ್ತಿಸಬೇಡಿ.

ಕುರ್ಚಿ ಹಾಕುವವನು
ಬಾಡಿಗೆಗೆ ಕೊಡುವವರು ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ’ ಅಂದಿದ್ದರು. ಈ ಆರು ಗೂಟ, ಗಾಳಿ ಮೀಟರ್ ಎರಡನ್ನೂ ಬರವಣಿಗೆಯಲ್ಲಿ ಕೇಳುತ್ತೇನೆ. ಒಪ್ಪದಿದ್ದರೆ ಜಾರುಬಂಡಿ ಇರುವುದಿಲ್ಲ.

ಹಗ್ಗ ಗೂಟ
ತುಂಬಾ ಥ್ಯಾಂಕ್ಸ್. ಗುಡುಗಿನ ಬಗ್ಗೆಯೂ ಒಂದು ನಿಯಮ ಇಟ್ಟುಕೊಳ್ಳಿ. ಗುಡುಗು ಕೇಳಿದರೆ ಕಾರ್ಯಕ್ರಮ ನಿಲ್ಲಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ಮೈದಾನಕ್ಕೆ ಬರಬಾರದು. ಶಾಮಿಯಾನ, ಮರದಡಿ ಎರಡೂ ರಕ್ಷಣೆ ಅಲ್ಲ. ಗಟ್ಟಿ ಕಟ್ಟಡ ಅಥವಾ ಕಿಟಕಿ ಮುಚ್ಚಿದ ಕಾರು.

ಮರದ ನೆರಳು
ಬಿಸಿಲಿಗೂ ಒಂದು ಉಪಾಯ ಹೇಳುತ್ತೇನೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲಿನಲ್ಲಿ ಅತಿನೇರಳೆ ಕಿರಣ ಜೋರಾಗಿದೆ ಅಂತ. ಆಗ ಮಕ್ಕಳನ್ನು ನೆರಳಿಗೆ ಕರೆದುಕೊಳ್ಳಿ. ಆರು ತಿಂಗಳೊಳಗಿನ ಕೂಸನ್ನಂತೂ ನೇರ ಬಿಸಿಲಿಗೆ ಹಿಡಿಯಲೇಬೇಡಿ.

ಸ್ಕ್ರೂಡ್ರೈವರ್
ಪುಸ್ತಕ, ಆಟಿಕೆ ವಿನಿಮಯವನ್ನು ಎಲ್ಲರೂ ಮರೆತೇಬಿಟ್ಟಿರಿ! ನಾನು ಅಲ್ಲಿ ಒಂದು ರಿಪೇರಿ ಮೇಜು ಹಾಕುತ್ತಿದ್ದೇನೆ. ನಿಂತ ಆಟಿಕೆ ರೈಲು, ಕೆಟ್ಟ ಟೇಬಲ್ ಲ್ಯಾಂಪ್, ಕಿತ್ತುಹೋದ ಜಿಪ್ ತನ್ನಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2009ರಲ್ಲಿ ಮಾರ್ಟಿನ್ ಪೋಸ್ಟ್ಮಾ ಅನ್ನುವ ಪತ್ರಕರ್ತೆ ರಿಪೇರಿ ಕೆಫೆ ಅಂತ ಶುರು ಮಾಡಿದ್ದು. ಅಲ್ಲಿ ಬಿಟ್ಟು ಹೋಗುವಂತಿಲ್ಲ, ಪಕ್ಕದಲ್ಲೇ ಕೂತು ನೀವೂ ಕೈಹಾಕಬೇಕು. ನಾನೂ ಅದೇ ನಿಯಮ ಇಡುತ್ತೇನೆ. ಒಳಗಿನ ಮೋಟಾರು ನೋಡಿದ ಮಗುವಿನ ಮುಖ ನೋಡಬೇಕು, ಅಷ್ಟು ಚೆನ್ನಾಗಿರುತ್ತದೆ.

ಮೂಲೆಮನೆ
ಅದು ಸಿನಿಮಾದ ದಿನವೇ, ಅದೇ ಹೊತ್ತಿಗೆ. ಅದನ್ನೇ ನಾನು ಮೊದಲು ಕೇಳಿದ್ದು!

ಸ್ಕ್ರೂಡ್ರೈವರ್
ಗ್ರಂಥಾಲಯದವರ ಜೊತೆ ಇವತ್ತು ಮಾತಾಡಿದೆ. ವಿನಿಮಯವನ್ನು ಮಧ್ಯಾಹ್ನಕ್ಕೆ ಹಿಂದೆ ತರಲು ಒಪ್ಪಿದ್ದಾರೆ. ಸಿನಿಮಾ ಹೇಗೂ ಕತ್ತಲಾದ ಮೇಲೆ. ಎರಡಕ್ಕೂ ಹೋಗಬಹುದು. ಒಳಗೆ ಫ್ಯಾನ್ ಇದೆ, ಕುರ್ಚಿ ಇದೆ, ನೆಲಮಹಡಿಯಲ್ಲೇ ಇದೆ. ನಿಮ್ಮ ಅತ್ತೆಯವರಿಗೆ ಹೊಲಿಗೆ ಬಂದರೆ ಜಿಪ್ ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ.

ಮೂಲೆಮನೆ
ಅತ್ತೆ ಕೇಳಿಸಿಕೊಂಡು ಕನ್ನಡಕ ಹುಡುಕುತ್ತಿದ್ದಾರೆ. ಬರುತ್ತಾರೆ!

ಫೋಟೊ ಬೇಡ
ಯಾರೂ ಎತ್ತದ ವಿಷಯ ಒಂದು. ಪ್ರತಿ ಕಾರ್ಯಕ್ರಮ ಆದ ಮೇಲೆ ನಮ್ಮ ಮಕ್ಕಳ ಫೋಟೊ ಯಾರ್ಯಾರದೋ ಪುಟದಲ್ಲಿ ಬರುತ್ತದೆ. ಕೇಳಿದವರೇ ಇಲ್ಲ. ಫೋಟೊ ಬೇಡ ಅನ್ನುವ ಮಕ್ಕಳಿಗೆ ಬೇರೆ ಬಣ್ಣದ ಪಟ್ಟಿ ಕಟ್ಟಿ, ಆ ಬಣ್ಣ ಕಂಡರೆ ಹಾಕಬಾರದು ಅಂತ ಫೋಟೊಗ್ರಾಫರ್‌ಗೆ ಹೇಳಿ.

ಡೋಲು ಬಡಿ
ಇದಕ್ಕೆ ನನ್ನ ಪೂರ್ತಿ ಬೆಂಬಲ ಇದೆ.

ಗೆಲ್ಲೋಣ
ಗುಂಪು ಫೋಟೊದಲ್ಲಿ ಒಂದು ಮಗುವನ್ನು ಹೇಗೆ ಬಿಡುತ್ತೀರಿ? ದೂರದಿಂದ ತೆಗೆದ ಫೋಟೊಗೂ ಇದೇ ನಿಯಮ ಅಂದರೆ ಯಾವ ನೆನಪೂ ಉಳಿಯುವುದಿಲ್ಲ.

ಫೋಟೊ ಬೇಡ
ಮುಖ ಗುರುತು ಸಿಗದ ದೂರದ ಫೋಟೊಗೆ ತಕರಾರಿಲ್ಲ. ನಿಮ್ಮ ಮಗುವಿನದು ನೀವು ತೆಗೆದು ನೀವು ಇಟ್ಟುಕೊಳ್ಳಿ. ಎಲ್ಲರಿಗೂ ಹಂಚುವ ಮುಂಚೆ ಕೇಳಿ.

ಕುರ್ಚಿ ಹಾಕುವವನು
ಪೋಸ್ಟರ್‌ನ ಕರಡು ಇಲ್ಲಿದೆ, ನೋಡಿ ಹೇಳಿ: ‘ಮುಗಿಯುವುದು ರಾತ್ರಿ 8ಕ್ಕೆ. ಮೊದಲ ಗಂಟೆ ಹಾಡು, ಮಿನುಗು ದೀಪ ಇಲ್ಲ. ನೆರಳಿನಲ್ಲಿ ಕುರ್ಚಿ ಇದೆ. ಪೂರ್ವದ ಬಾಗಿಲಿನಲ್ಲಿ ಮೆಟ್ಟಿಲಿಲ್ಲ, ಶೌಚಾಲಯವೂ ಅಲ್ಲೇ. ಗುಡುಗು ಬಂದರೆ ಕಾರ್ಯಕ್ರಮ ನಿಲ್ಲುತ್ತದೆ. ಫೋಟೊ ಬೇಡದವರು ಹಳದಿ ಪಟ್ಟಿ ಕೇಳಿ.’

ಗಾಲಿಕುರ್ಚಿ ಗೆಳೆಯ
ಪೂರ್ವದ ಬಾಗಿಲು ಅಂದರೆ ಹೊಸಬರಿಗೆ ತಿಳಿಯುವುದಿಲ್ಲ. ನೀರಿನ ಟ್ಯಾಂಕ್ ಕಡೆಯ ಬಾಗಿಲು ಅಂತ ಬರೆಯಿರಿ. ಅಲ್ಲಿ ವಾಹನ ನಿಲ್ಲಿಸದ ಹಾಗೆ ಒಂದು ಕೋನ್ ಇಡಿ. ಸ್ಕೂಟರ್ ಅಡ್ಡ ಇಟ್ಟರೆ ಇಳಿಜಾರು ಇದ್ದೂ ಇಲ್ಲದ ಹಾಗೆ.

ಸದ್ದು ಸಾಕು
ಇಷ್ಟಿದ್ದರೆ ತಮ್ಮನ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ.

ಬೆಳಗಿನ ಚಕ್ರ
ಮೊದಲು ಬರುವುದು ನಮ್ಮ ಭಾನುವಾರವೇ, ನೆನಪಿರಲಿ. ಸೈಕಲ್‌ಗೆ ಗಾಳಿ ಹಾಕುವ ಪಂಪ್ ನಾನು ತರುತ್ತೇನೆ. ಪುಟ್ಟ ಮಕ್ಕಳ ಸೈಕಲ್‌ನ ವಾಲ್ವ್‌ಗೆ ನನ್ನ ಪಂಪ್ ಕೂರುವುದಿಲ್ಲ. ಯಾರ ಹತ್ತಿರವಾದರೂ ಬೇರೆ ಪಂಪ್ ಇದೆಯಾ?

ಹಾಲು ಬೂತ್ ಎದುರು
ನನ್ನ ಹತ್ತಿರ ಇದೆ. ಗೇಟಿನ ಪಕ್ಕ ಇಟ್ಟಿರುತ್ತೇನೆ, ಬೇಕಾದವರು ಬಳಸಿ ಅಲ್ಲೇ ಇಡಿ.